ಕಂಬದ ಮೇಲಿನ ಪೆಟ್ಟಿಗೆ: ಮಲೆನಾಡಿನ ಮನೆಯಲ್ಲಿ ಹದಿನಾಲ್ಕು ತಿಂಗಳ ಫೈಬರ್ ಸಂಪರ್ಕ

ಸಾಗರ ಪೇಟೆಯಿಂದ ಐದಾರು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಅಂಚಿನಲ್ಲಿರುವ ನಮ್ಮ ಹೆಂಚಿನ ಮನೆಗೆ 2024ರ ಡಿಸೆಂಬರ್‌ನಲ್ಲಿ ಫೈಬರ್ ಇಂಟರ್‌ನೆಟ್, ಅಂದರೆ ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಸಾಗುವ ಇಂಟರ್‌ನೆಟ್, ಬಂತು. ಸಂಪರ್ಕ ಕೊಟ್ಟದ್ದು ಹಲವು ಊರುಗಳಲ್ಲಿ ವ್ಯವಹಾರವಿರುವ ಒಂದು ಕಂಪನಿ; ಆದರೆ ನಮ್ಮ ಭಾಗದಲ್ಲಿ ತಂತಿ ಎಳೆಯುವುದು, ಹಣ ವಸೂಲು ಮಾಡುವುದು, ಕೆಟ್ಟಾಗ ಬಂದು ನೋಡುವುದು ಎಲ್ಲವೂ ಅದರ ಸ್ಥಳೀಯ ಪಾಲುದಾರರಾದ ಕೇಬಲ್ ಟಿವಿಯವರ ಕೆಲಸ. ಇಬ್ಬರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಲಿರುವ ತೊಂದರೆಗಳು ಅವರಿಬ್ಬರಿಗೇ ಸೀಮಿತವಾದವಲ್ಲ ಎಂಬುದು ಅಕ್ಕಪಕ್ಕದ ಊರುಗಳಲ್ಲಿ ಬೇರೆ ಬೇರೆ ಕಂಪನಿಗಳ ಸಂಪರ್ಕ ಪಡೆದವರ ಮಾತಿನಿಂದ ನನಗೆ ಮನವರಿಕೆಯಾಗಿದೆ. ಹಳ್ಳಿಯ ಮನೆಗೆ ಇಂಟರ್‌ನೆಟ್ ಹಾಕಿಸಿಕೊಳ್ಳಲು ಹೊರಟವರಿಗೆ ಏನನ್ನು ಕೇಳಬೇಕು, ಏನನ್ನು ನೋಡಬೇಕು ಎಂಬುದು ತಿಳಿಯಲಿ ಎಂಬ ಉದ್ದೇಶದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನಾನು ಮನೆಯಿಂದಲೇ ತೆರಿಗೆ ಸಲಹೆಯ ಕೆಲಸ ಮಾಡುತ್ತೇನೆ. ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರು ಅಡಿಕೆ ವ್ಯಾಪಾರಿಗಳು, ಅಂಗಡಿಯವರು, ಸಣ್ಣ ಗುತ್ತಿಗೆದಾರರು. ಪ್ರತಿ ತಿಂಗಳ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿ ರಿಟರ್ನ್ ಸಲ್ಲಿಕೆಯಾಗಬೇಕು. ತಪ್ಪಿದರೆ ತೆರಿಗೆ ಬಾಕಿ ಇರುವವರಿಗೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿಯ ಮೇಲೆ ವಾರ್ಷಿಕ ಶೇಕಡ 18ರ ಬಡ್ಡಿ. ಹೀಗಾಗಿ ನನಗೆ ಇಂಟರ್‌ನೆಟ್ ಎಂಬುದು ಸಂಜೆಯ ಹೊತ್ತು ಕಳೆಯುವ ಸಾಧನವಲ್ಲ. ಅದು ನಿಂತರೆ ಬೇರೆಯವರ ದುಡ್ಡು ಹೋಗುತ್ತದೆ. ನಾನು ಈ ಸೇವೆಯನ್ನು ಅಳೆದಿರುವುದು ಆ ದೃಷ್ಟಿಯಿಂದ ಎಂಬುದನ್ನು ಮೊದಲೇ ಹೇಳಬೇಕು.

ಆಯ್ಕೆ ಮಾಡಿಕೊಂಡ ಯೋಜನೆ 200 ಎಂಬಿಪಿಎಸ್ ವೇಗದ್ದು. ತಿಂಗಳಿಗೆ 800 ರೂಪಾಯಿ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ ಸೇರಿ 944. ಆರು ತಿಂಗಳದ್ದನ್ನು ಒಟ್ಟಿಗೆ ಕಟ್ಟಿದರೆ ತಂತಿ ಎಳೆಯುವ ಖರ್ಚು ಇಲ್ಲ ಎಂದರು. 5,664 ರೂಪಾಯಿ ಕಟ್ಟಿದೆ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ 256 ಕೆಬಿಪಿಎಸ್ (ಒಂದು ಎಂಬಿಪಿಎಸ್‌ನ ಕಾಲುಭಾಗದಷ್ಟು) ವೇಗವಿದ್ದರೆ ಸಾಕು, ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದಿತ್ತು. 2013ರಲ್ಲಿ ಅದು 512 ಆಯಿತು, 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿತು. ಆ ಲೆಕ್ಕದಲ್ಲಿ 200 ಎಂಬಿಪಿಎಸ್ ಎಂದರೆ ದೊಡ್ಡ ಮಾತೇ. ನಾಲ್ಕು ಜನರ ನಮ್ಮ ಮನೆಗೆ ಅಷ್ಟು ಬೇಕಾಗಿರಲಿಲ್ಲ ಎಂಬುದು ನನಗೆ ಅರ್ಥವಾದದ್ದು ತಡವಾಗಿ. ಆಗ ನಾನೂ ಎಲ್ಲರಂತೆ ವೇಗದ ಅಂಕಿಯನ್ನು ನೋಡಿಯೇ ಒಪ್ಪಿಕೊಂಡೆ.

ಹಣ ಕಟ್ಟಿಸಿಕೊಂಡವರು ಎರಡು ದಿನದಲ್ಲಿ ಬರುವುದಾಗಿ ಹೇಳಿ ಹದಿನೇಳನೆಯ ದಿನ ಬಂದರು. ಮುಖ್ಯ ರಸ್ತೆಯ ಕಂಬದಲ್ಲಿರುವ ಬೆಳಕು ಹಂಚುವ ಪೆಟ್ಟಿಗೆಯಿಂದ ನಮ್ಮ ಮನೆಗೆ ಸುಮಾರು 400 ಮೀಟರ್. ಆ ದಾರಿಯಲ್ಲಿ ತೋಟ, ಹಳ್ಳ, ಎರಡು ಹಲಸಿನ ಮರಗಳಿವೆ. ತಂತಿಯನ್ನು ಒಂದಷ್ಟು ದೂರ ವಿದ್ಯುತ್ ಕಂಬಗಳ ಮೇಲೆ, ಉಳಿದಷ್ಟು ದೂರ ಅಡಿಕೆ ಮರಗಳಿಗೆ ಕಟ್ಟಿ ತಂದರು. ಅಡಿಕೆ ಮರ ಗಾಳಿಗೆ ಬಾಗುವ ಮರ. ಮಳೆಗಾಲದಲ್ಲಿ ಕೊನೆಗಾರರು (ಅಡಿಕೆ ಮರ ಹತ್ತುವವರು) ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಲು, ಮದ್ದು ಹೊಡೆಯಲು ಒಂದರಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವ ಮರ. ಅದಕ್ಕೆ ಗಾಜಿನ ಎಳೆಯನ್ನು ಬಿಗಿಯಾಗಿ ಕಟ್ಟುವುದು ಸರಿಯಲ್ಲ ಎಂದು ನನ್ನ ತಂದೆ ಅಂದೇ ಹೇಳಿದರು. ಬಂದಿದ್ದ ಹುಡುಗರು ಎಲ್ಲ ಕಡೆಯೂ ಹೀಗೇ ಮಾಡುವುದು ಎಂದರು. ಆ ಮಾತನ್ನು ನಾನು ಒಪ್ಪಿಕೊಳ್ಳಬಾರದಿತ್ತು.

ಮನೆಯೊಳಗಿನ ಕೆಲಸವನ್ನು ಅವರು ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಜಗಲಿಯ ಗೋಡೆಗೆ ಮೋಡೆಮ್ ಪೆಟ್ಟಿಗೆ ಬಡಿದು, ಮೊಬೈಲ್‌ನಲ್ಲಿ ಒಂದು ವೇಗ ಪರೀಕ್ಷೆ ಮಾಡಿ, 90ರ ಆಸುಪಾಸಿನ ಅಂಕಿಯನ್ನು ತೋರಿಸಿ ಸಹಿ ಹಾಕಿಸಿಕೊಂಡರು. ನನ್ನ ಕೆಲಸದ ಕೋಣೆ ಇರುವುದು ಮನೆಯ ಹಿಂಭಾಗದಲ್ಲಿ. ಜಗಲಿಗೂ ಅದಕ್ಕೂ ನಡುವೆ ಒಂದೂವರೆ ಅಡಿ ದಪ್ಪದ ಮೂರು ಜಂಬಿಟ್ಟಿಗೆ ಗೋಡೆಗಳಿವೆ. ವೈಫೈಯಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗ ಪಟ್ಟಿಗಳು (ಬ್ಯಾಂಡ್) ಇರುತ್ತವೆ. ವೇಗ ಹೆಚ್ಚು ಕೊಡುವ 5 ಗಿಗಾಹರ್ಟ್ಸ್ ಅಲೆಗಳಿಗೆ ಗೋಡೆ ದಾಟುವ ಶಕ್ತಿ ಕಡಿಮೆ, ಗೋಡೆಯನ್ನು ಸ್ವಲ್ಪ ಉತ್ತಮವಾಗಿ ದಾಟುವ 2.4ರಲ್ಲಿ ವೇಗ ಕಡಿಮೆ. ನಮ್ಮ ಹಿಂದಿನ ಕೋಣೆಗೆ 5 ತಲುಪಲೇ ಇಲ್ಲ, 2.4 ತಲುಪಿದರೂ ಒಂದು ಪಿಡಿಎಫ್ ಕಡತ ಏರಿಸಲು ಕಾಯಬೇಕಾಗುತ್ತಿತ್ತು.

ಇದನ್ನು ತಿಳಿಸಿದಾಗ ಗ್ರಾಹಕ ಸೇವೆಯವರು ತಿಂಗಳಿಗೆ 150 ರೂಪಾಯಿ ಬಾಡಿಗೆಯ ಎಕ್ಸ್‌ಟೆಂಡರ್ ತೆಗೆದುಕೊಳ್ಳಲು ಸಲಹೆ ಕೊಟ್ಟರು. ಎಕ್ಸ್‌ಟೆಂಡರ್ ತನಗೆ ಬಂದ ಸಂಕೇತವನ್ನೇ ಮತ್ತೆ ಹೊರಡಿಸುತ್ತದೆ. ಒಂದೇ ಪಟ್ಟಿಯಲ್ಲಿ ಕೇಳಿಸಿಕೊಂಡು ಅದೇ ಪಟ್ಟಿಯಲ್ಲಿ ಹೇಳುವ ಸಾಮಾನ್ಯ ಎಕ್ಸ್‌ಟೆಂಡರ್‌ಗಳಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಂಕೇತ ಸತ್ತುಹೋಗುವ ಜಾಗದಲ್ಲಿ ಅದನ್ನು ಇಟ್ಟು ಪ್ರಯೋಜನವಿಲ್ಲ. ನಾನು ಬಾಡಿಗೆಗೆ ಒಪ್ಪದೆ, ಜಗಲಿಯಿಂದ ಅಟ್ಟದ ಮೇಲಿನಿಂದ ಹಾಯಿಸಿ ಹಿಂದಿನ ಕೋಣೆಗೆ 18 ಮೀಟರ್ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಸಿ, ಅಲ್ಲಿ ನಮ್ಮದೇ ಇನ್ನೊಂದು ರೂಟರ್ ಅನ್ನು ಇಟ್ಟೆ. ಹಳೆಯ ಕಾಲದ ದಪ್ಪ ಗೋಡೆಯ ಮನೆ ಉಳ್ಳವರೆಲ್ಲರಿಗೂ ನಾನು ಇದನ್ನೇ ಹೇಳುತ್ತೇನೆ: ಗೋಡೆ ದಾಟಬೇಕಾದಲ್ಲಿ ತಂತಿ ಎಳೆಯಿರಿ. ಒಂದು ಬಾರಿ ಮಾಡುವ ಆ ಖರ್ಚು ವರ್ಷಗಟ್ಟಲೆ ಕಟ್ಟುವ ಬಾಡಿಗೆಗಿಂತ ಕಡಿಮೆ.

ಆದರೆ ತಂತಿ ಎಳೆದ ಮೇಲೂ ವೇಗ 94 ಎಂಬಿಪಿಎಸ್‌ಗಿಂತ ಮೇಲೇರಲಿಲ್ಲ. ಬೆಳಗ್ಗೆ ನೋಡಿದರೂ 94, ನಡುರಾತ್ರಿ ನೋಡಿದರೂ 94. ಮೂರು ಬಾರಿ ದೂರು ಕೊಟ್ಟೆ. ಮೂರು ಬಾರಿಯೂ ಕಂಪನಿಯ ಕಡೆಯಿಂದ ಪೂರ್ಣ ವೇಗ ಬರುತ್ತಿದೆ ಎಂಬ ಉತ್ತರ ಬಂತು. ಕಾರಣವನ್ನು ಕೊನೆಗೆ ಹುಡುಕಿಕೊಟ್ಟದ್ದು ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ. ನೆಟ್‌ವರ್ಕ್ ಕೇಬಲ್‌ನೊಳಗೆ ನಾಲ್ಕು ಜೋಡಿ, ಅಂದರೆ ಎಂಟು ಸಣ್ಣ ತಂತಿಗಳಿರುತ್ತವೆ. ಸೆಕೆಂಡಿಗೆ ಒಂದು ಗಿಗಾಬಿಟ್ ಹರಿಯಬೇಕಾದರೆ ಎಂಟೂ ಕೂಡಿಕೊಂಡಿರಬೇಕು. ಎರಡು ಜೋಡಿ ಮಾತ್ರ ಕೂಡಿಕೊಂಡಿದ್ದರೆ ಎರಡೂ ಬದಿಯ ಯಂತ್ರಗಳು ತಮ್ಮಷ್ಟಕ್ಕೆ 100 ಎಂಬಿಪಿಎಸ್‌ಗೆ ಇಳಿಯುತ್ತವೆ, ಅದರಲ್ಲಿ ಮೇಲ್ಖರ್ಚು ಕಳೆದು ಬಳಕೆಗೆ ಸಿಗುವುದು ಸುಮಾರು 94. ನಮ್ಮ ಕೇಬಲ್‌ನ ತುದಿಯ ಪ್ಲಗ್‌ನಲ್ಲಿ ಕಂದು ಬಣ್ಣದ ತಂತಿಯೊಂದು ಸರಿಯಾಗಿ ಒಳಗೆ ಕೂತಿರಲಿಲ್ಲ. ಪ್ಲಗ್ ಕತ್ತರಿಸಿ ಹೊಸದನ್ನು ಒತ್ತಿದ ಮೇಲೆ 196 ಬಂತು. ಕೇಬಲ್ ಎಳೆಸಿದ ನಮ್ಮದೇ ತಪ್ಪು ಎಂಬುದನ್ನು ಒಪ್ಪುತ್ತೇನೆ. ಆದರೆ ಮೂರು ಬಾರಿ ದೂರು ಸ್ವೀಕರಿಸಿದ ಕಂಪನಿಯಲ್ಲಿ 94 ಎಂಬ ಅಂಕಿಯನ್ನು ಕೇಳಿದ ಕೂಡಲೇ ಕೇಬಲ್ ನೋಡಿ ಎನ್ನಬಲ್ಲ ಒಬ್ಬರಾದರೂ ಇರಬೇಕಿತ್ತು. ಈ ಕಸುಬಿನಲ್ಲಿ ಅದು ಗುಟ್ಟಿನ ಸಂಗತಿಯೇನಲ್ಲ.

ಜನವರಿಯಿಂದ ಮೇ ಕೊನೆಯವರೆಗೆ ಸೇವೆ ಚೆನ್ನಾಗಿಯೇ ನಡೆಯಿತು ಎಂಬುದನ್ನೂ ಹೇಳಬೇಕು. ಕರೆಂಟ್ ಹೋದಾಗಲೂ ಇಂಟರ್‌ನೆಟ್ ನಿಲ್ಲುತ್ತಿರಲಿಲ್ಲ, ಏಕೆಂದರೆ ಮನೆಯ ಪೆಟ್ಟಿಗೆ ನಡೆಯುವುದು 12 ವೋಲ್ಟ್‌ನಲ್ಲಿ. ಅಂಗೈ ಅಗಲದ ಒಂದು ಸಣ್ಣ ಯುಪಿಎಸ್ ಅದಕ್ಕೆ ಸಾಕು. ಈ ಬಗೆಯ ಫೈಬರ್ ಜಾಲದಲ್ಲಿ ದಾರಿಯ ಕಂಬಗಳ ಮೇಲಿರುವ ಹಂಚಿಕೆಯ ಪೆಟ್ಟಿಗೆಗಳಿಗೆ ವಿದ್ಯುತ್ತೇ ಬೇಡ. ಅವು ಬೆಳಕನ್ನು ಗಾಜಿನಲ್ಲೇ ಪಾಲು ಮಾಡುತ್ತವೆ. ಪೇಟೆಯಲ್ಲಿರುವ ಅವರ ಕಚೇರಿಯ ಬ್ಯಾಟರಿ ಉಳಿದಿರುವಷ್ಟು ಹೊತ್ತು ನಮಗೂ ಸೇವೆ ಉಳಿಯುತ್ತದೆ. ಹಳೆಯ ತಾಮ್ರದ ತಂತಿಯ ಕಾಲಕ್ಕೆ ಹೋಲಿಸಿದರೆ ಇದು ನಿಜವಾಗಿ ದೊಡ್ಡ ಅನುಕೂಲ. ಏಪ್ರಿಲ್‌ನ ಗುಡುಗು ಮಳೆಗೆ ಹಿಂದೆಲ್ಲ ದೂರವಾಣಿ ತಂತಿಯ ಮೂಲಕ ಸಿಡಿಲಿನ ಹೊಡೆತ ಒಳಗೆ ಬಂದು ಮೋಡೆಮ್ ಸುಡುತ್ತಿತ್ತು. ಗಾಜಿನಲ್ಲಿ ವಿದ್ಯುತ್ ಹರಿಯದು. ಆದರೆ ಪೆಟ್ಟಿಗೆಯ ವಿದ್ಯುತ್ ಅಡಾಪ್ಟರ್ ಮೂಲಕ ಅಪಾಯ ಬರಬಹುದು, ಆದ್ದರಿಂದ ಗುಡುಗು ಶುರುವಾದರೆ ಅದನ್ನು ಈಗಲೂ ಗೋಡೆಯಿಂದ ಕಿತ್ತಿಡುತ್ತೇವೆ.

ಜೂನ್ ಮೊದಲ ವಾರ ಮಳೆ ಹಿಡಿಯಿತು, ಎರಡನೆಯ ವಾರ ಕೆಂಪು ದೀಪ ಕಾಣಿಸಿತು. ಮೋಡೆಮ್ ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂದು ಬರೆದಿರುವ, ನಮ್ಮ ಕಡೆ ಎಲ್ಲರೂ ಲಾಸ್ ಎಂದೇ ಕರೆಯುವ ಆ ದೀಪ ಕೆಂಪಗೆ ಮಿನುಗಿದರೆ ಕಂಬದಿಂದ ಬರಬೇಕಾದ ಬೆಳಕು ಬರುತ್ತಿಲ್ಲ ಅಥವಾ ಸಾಕಷ್ಟು ಬರುತ್ತಿಲ್ಲ ಎಂದರ್ಥ. ಪೂರ್ತಿ ಹೋಗಿದ್ದರೆ ವಿಷಯ ಸುಲಭವಿತ್ತು. ತಂತಿ ಎಲ್ಲೋ ಕಡಿದಿದೆ ಎಂದು ಬಂದು ಜೋಡಿಸುತ್ತಿದ್ದರು. ನಮ್ಮದು ಹೋಗಿ ಬಂದು ಮಾಡುವ ರೋಗ. ಜೋರು ಮಳೆ ಗಾಳಿ ಬಂದಾಗ ಕೆಂಪಾಗುತ್ತಿತ್ತು, ಮಳೆ ಬಿಟ್ಟು ಎರಡು ಗಂಟೆ ಕಳೆದರೆ ತಾನಾಗಿ ಹಸಿರಾಗುತ್ತಿತ್ತು. ದೂರು ಕೊಟ್ಟು ಯಾರಾದರೂ ಬರುವ ಹೊತ್ತಿಗೆ ಎಲ್ಲವೂ ಸರಿಯಾಗಿರುತ್ತಿತ್ತು, ಬಂದವರು ಈಗ ಬರುತ್ತಿದೆಯಲ್ಲ ಎಂದು ಹೊರಟುಬಿಡುತ್ತಿದ್ದರು.

ದೂರು ಕೊಡುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ, ಏಕೆಂದರೆ ನನ್ನ ಸಮಯ ಮತ್ತು ಸಮಾಧಾನ ಹೆಚ್ಚು ಹೋದದ್ದು ಅಲ್ಲಿ. ಕರೆ ಮಾಡಿದರೆ ಮೊದಲು ಪೆಟ್ಟಿಗೆಯನ್ನು ಆರಿಸಿ ಹಚ್ಚಲು ಹೇಳುತ್ತಾರೆ. ಲಾಸ್ ದೀಪ ಕೆಂಪಾಗಿದೆ, ಇದು ಆರಿಸಿ ಹಚ್ಚಿದರೆ ಹೋಗುವ ತೊಂದರೆಯಲ್ಲ ಎಂದು ತಿಳಿಸಿದರೂ ಆ ಹಂತವನ್ನು ದಾಟದೆ ಮುಂದಿನ ಪ್ರಶ್ನೆಗೆ ಅವರು ಹೋಗುವಂತಿಲ್ಲ. ಆಮೇಲೆ ಟಿಕೆಟ್ ಸಂಖ್ಯೆ, ಅಂದರೆ ದೂರಿನ ಸಂಖ್ಯೆ, ಬರುತ್ತದೆ. ಸಂಜೆಯ ಹೊತ್ತಿಗೆ ನಿಮ್ಮ ದೂರು ಪರಿಹಾರವಾಗಿದೆ ಎಂಬ ಸಂದೇಶವೂ ಬರುತ್ತದೆ, ಯಾರೂ ಬಾರದಿದ್ದರೂ. ಮಳೆ ಬಿಟ್ಟು ದೀಪ ಹಸಿರಾದ ಕೂಡಲೇ ಅವರ ಗಣಕದಲ್ಲಿ ಸಂಪರ್ಕ ಸರಿಯಾಗಿದೆ ಎಂದು ಕಾಣುತ್ತದೆ, ಟಿಕೆಟ್ ಮುಚ್ಚಿಹೋಗುತ್ತದೆ. ಮರುದಿನ ಮತ್ತೆ ಕರೆ ಮಾಡಿದರೆ ಅದು ಹೊಸ ಟಿಕೆಟ್, ಹೊಸ ಸಂಖ್ಯೆ, ಹಿಂದಿನದರ ನೆನಪು ಯಾರಿಗೂ ಇಲ್ಲ. ಜೂನ್ 10ರಿಂದ ಜುಲೈ 20ರ ನಡುವೆ ನಾನು ಹನ್ನೊಂದು ಟಿಕೆಟ್‌ಗಳನ್ನು ತೆರೆದೆ. ಕಂಪನಿಯ ಲೆಕ್ಕದಲ್ಲಿ ಅವು ಹನ್ನೊಂದು ಪರಿಹಾರಗಳು. ನನ್ನ ಲೆಕ್ಕದಲ್ಲಿ ಒಂದೇ ದೂರು, ಪರಿಹಾರವಾಗದೆ ಉಳಿದದ್ದು. ಲೆಕ್ಕಪತ್ರದ ಕೆಲಸದಲ್ಲಿರುವ ನನಗೆ ಇದಕ್ಕಿಂತ ತಪ್ಪಾದ ಲೆಕ್ಕ ಕಾಣಿಸದು.

ಜುಲೈ 19, ಶನಿವಾರ. ಮರುದಿನ 3ಬಿ ಸಲ್ಲಿಸಲು ಕೊನೆಯ ದಿನ. ಆ ದಿನ ಭಾನುವಾರವಾಗಿತ್ತು. ಒಂಬತ್ತು ಮಂದಿಯ ರಿಟರ್ನ್ ಬಾಕಿ ಇತ್ತು. ಮಧ್ಯಾಹ್ನ ಮೂರಕ್ಕೆ ಹೋದ ಸಂಪರ್ಕ ಸಂಜೆಯಾದರೂ ಬರಲಿಲ್ಲ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಗೇಟಿನ ಹತ್ತಿರ ಮಾತ್ರ. ಕಕ್ಷಿದಾರರ ಮೊಬೈಲ್‌ಗೆ ಓಟಿಪಿ ಹೋಗುತ್ತದೆ, ಅವರು ಅದನ್ನು ನನಗೆ ಹೇಳುವಷ್ಟರಲ್ಲಿ ಪುಟ ಕೈಕೊಡುತ್ತದೆ. ಕೊನೆಗೆ ರಾತ್ರಿ ಎಂಟಕ್ಕೆ ಲ್ಯಾಪ್‌ಟಾಪ್, ಕಡತಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಕೊಂಡು ಸಾಗರಕ್ಕೆ ಹೋಗಿ, ಪರಿಚಯದವರ ಅಂಗಡಿಯಲ್ಲಿ ಕೂತು ರಾತ್ರಿ ಒಂದೂವರೆ ಗಂಟೆಗೆ ಒಂಬತ್ತನ್ನೂ ಮುಗಿಸಿದೆ. ಯಾರಿಗೂ ದಂಡ ಬೀಳಲಿಲ್ಲ. ಆದರೆ ಅಂದು ನಾನು ನಿಜವಾಗಿ ಹೆದರಿದ್ದೆ. ನನ್ನನ್ನು ನಂಬಿ ಬಿಲ್ಲುಗಳ ಕಟ್ಟು ತಂದುಕೊಟ್ಟವರಿಗೆ, ಕಂಬದ ಮೇಲಿನ ಪೆಟ್ಟಿಗೆಗೆ ನೀರು ನುಗ್ಗಿತ್ತು ಎಂದು ಹೇಳುವಂತಿಲ್ಲ.

ಸೋಮವಾರ ನಾನು ದೂರು ಕೊಡುವ ರೀತಿಯನ್ನು ಬದಲಾಯಿಸಿದೆ. ಮೋಡೆಮ್ ಪೆಟ್ಟಿಗೆಗೆ ತನ್ನದೇ ಒಂದು ಪುಟವಿದೆ, ಬ್ರೌಸರ್‌ನಲ್ಲಿ 192.168.1.1 ಎಂದು ಬರೆದರೆ ಹೆಚ್ಚಿನ ಪೆಟ್ಟಿಗೆಗಳಲ್ಲಿ ಅದು ತೆರೆಯುತ್ತದೆ, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಪೆಟ್ಟಿಗೆಯ ಕೆಳಭಾಗದ ಚೀಟಿಯಲ್ಲಿರುತ್ತವೆ. ಅದರಲ್ಲಿ ಆಪ್ಟಿಕಲ್ ಎಂಬ ವಿಭಾಗದಲ್ಲಿ ಆರ್‌ಎಕ್ಸ್ ಪವರ್ ಎಂಬ ಒಂದು ಅಂಕಿ ಸಿಗುತ್ತದೆ. ಅದು ನಮ್ಮ ಮನೆಗೆ ಎಷ್ಟು ಬೆಳಕು ತಲುಪುತ್ತಿದೆ ಎಂಬುದರ ಅಳತೆ. ಡಿಬಿಎಂ ಎಂಬ ಮಾನದಲ್ಲಿ, ಯಾವಾಗಲೂ ಋಣ ಚಿಹ್ನೆಯೊಂದಿಗೆ ಇರುತ್ತದೆ. ಸೊನ್ನೆ ಡಿಬಿಎಂ ಎಂದರೆ ಒಂದು ಮಿಲಿವ್ಯಾಟ್. ಅಲ್ಲಿಂದ 3 ಡಿಬಿ (ಈ ಏರಿಳಿತದ ಅಳತೆಗೆ ಡಿಬಿ ಎನ್ನುತ್ತಾರೆ) ಇಳಿದರೆ ಬೆಳಕು ಅರ್ಧವಾಯಿತು, 10 ಇಳಿದರೆ ಹತ್ತರಲ್ಲಿ ಒಂದಾಯಿತು ಎಂದು ತಿಳಿಯಬೇಕು. ಸಾಮಾನ್ಯವಾಗಿ ಮನೆಗಳಿಗೆ ಕೊಡುವ ಜಿಪಾನ್ ಮಾದರಿಯ ಪೆಟ್ಟಿಗೆಗಳು −27ರವರೆಗೆ ಕೆಲಸ ಮಾಡಬೇಕು, ಅದಕ್ಕಿಂತ ಕೆಳಗೆ ಇಳಿದರೆ ಸಂಪರ್ಕದ ಭರವಸೆ ಇಲ್ಲ. ಬಿಸಿಲಿದ್ದ ದಿನ ನಮ್ಮ ಮನೆಯ ಅಂಕಿ −24.8. ಮಳೆ ಹಿಡಿದ ಅರ್ಧ ಗಂಟೆಗೆ −26.9. ಅಂದರೆ ಎಲ್ಲವೂ ಸರಿಯಾಗಿದೆ ಎಂದು ಅವರು ಹೇಳುತ್ತಿದ್ದ ದಿನವೂ ನಮ್ಮ ಸಂಪರ್ಕ ಅಂಚಿನಲ್ಲೇ ಉಸಿರು ಹಿಡಿದುಕೊಂಡಿತ್ತು. ಮಳೆ ಅದನ್ನು ಸ್ವಲ್ಪ ನೂಕಿದರೆ ಸಾಕಿತ್ತು.

ಮಳೆಗೂ ಬೆಳಕಿಗೂ ಏನು ಸಂಬಂಧ ಎಂದು ನಾನು ಮೊದಲು ಯೋಚಿಸಿದ್ದುಂಟು. ಕೂದಲಿನಷ್ಟು ತೆಳ್ಳಗಿನ, 125 ಮೈಕ್ರಾನ್ ದಪ್ಪದ ಗಾಜಿನ ಎಳೆಯಲ್ಲಿ ಬೆಳಕು ಹರಿಯುವ ತಿರುಳು ಕೇವಲ 9 ಮೈಕ್ರಾನ್‌ನಷ್ಟು. ಎರಡು ಎಳೆಗಳು ಸೇರುವಲ್ಲಿ ಆ ತಿರುಳುಗಳು ಕರಾರುವಾಕ್ಕಾಗಿ ಎದುರುಬದುರು ನಿಲ್ಲಬೇಕು. ಯಂತ್ರದಲ್ಲಿ ಕಾಯಿಸಿ ಬೆಸೆದರೆ, ಅಂದರೆ ಸ್ಪ್ಲೈಸಿಂಗ್ ಮಾಡಿದರೆ, ಅಲ್ಲಿ ಆಗುವ ನಷ್ಟ 0.1 ಡಿಬಿ ಅಥವಾ ಅದಕ್ಕೂ ಕಡಿಮೆ. ಸಮಯ ಉಳಿಸಲೆಂದು ಕೈಯಲ್ಲೇ ಒತ್ತಿ ಕೂರಿಸುವ ಫಾಸ್ಟ್ ಕನೆಕ್ಟರ್ ಹಾಕಿದರೆ ಒಳ್ಳೆಯ ಕೈಯಲ್ಲಿ ಅದೂ ನಡೆಯುತ್ತದೆ, ಆದರೆ ಅದರೊಳಗೆ ಧೂಳು ಅಥವಾ ತೇವ ಹೊಕ್ಕರೆ ಬೆಳಕು ಸೋರುತ್ತದೆ. ತಂತಿ ಬಾಗಿದಾಗಲೂ ಬೆಳಕು ಸೋರುತ್ತದೆ. ಕಂಪನಿಯಿಂದ ನಮ್ಮ ಕಡೆ ಬರುವ ಬೆಳಕಿನ ತರಂಗಾಂತರ 1490 ನ್ಯಾನೋಮೀಟರ್, ನಾವು ಕಳಿಸುವುದು 1310. ಬಾಗಿನಲ್ಲಿ ಹೆಚ್ಚು ಸೋರುವುದು ಉದ್ದ ತರಂಗದ ಬೆಳಕು, ಅಂದರೆ ನಮಗೆ ಬರಬೇಕಾದದ್ದೇ. ಒದ್ದೆಯಾಗಿ ಭಾರವಾದ ತಂತಿ, ಗಾಳಿಗೆ ಓಲಾಡುವ ಅಡಿಕೆ ಮರ, ಬಾಯಿ ತೆರೆದ ಪೆಟ್ಟಿಗೆ, ಈ ಮೂರೂ ಒಟ್ಟಾದಾಗ ನಮ್ಮ ಮನೆಗೆ ಕತ್ತಲೆ.

ಏಳು ದಿನ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂಕಿಯನ್ನು ಬರೆದಿಟ್ಟು, ಪಕ್ಕದಲ್ಲಿ ಮಳೆ ಇತ್ತೋ ಇಲ್ಲವೋ ಎಂದು ನಮೂದಿಸಿ, ಹನ್ನೊಂದು ಟಿಕೆಟ್‌ಗಳ ಸಂಖ್ಯೆಯನ್ನೂ ಸೇರಿಸಿ ಒಂದು ಪುಟದ ಪತ್ರ ಮಾಡಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಬಿಡಿಬಿಡಿ ಗ್ರಾಹಕರ ದೂರುಗಳನ್ನು ತಾನು ತೀರ್ಮಾನಿಸುವುದಿಲ್ಲ. ಆದರೆ 2012ರ ಗ್ರಾಹಕರ ಕುಂದುಕೊರತೆ ನಿಯಮಾವಳಿಯ ಪ್ರಕಾರ ಪ್ರತಿ ಕಂಪನಿಯೂ ದೂರಿಗೆ ಡಾಕೆಟ್ ಸಂಖ್ಯೆ ಕೊಡಬೇಕು, ಪರಿಹಾರ ಸರಿ ಕಾಣದಿದ್ದರೆ ಗ್ರಾಹಕರು ಶುಲ್ಕವಿಲ್ಲದೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದು 39 ದಿನಗಳೊಳಗೆ ತೀರ್ಮಾನಿಸಬೇಕು. ಕರೆ ಕೇಂದ್ರದವರು ಯಾರೂ ಇದನ್ನು ನನಗೆ ಹೇಳಿರಲಿಲ್ಲ. ಕಂಪನಿಯ ಜಾಲತಾಣದ ಕೆಳತುದಿಯ ಸಣ್ಣ ಅಕ್ಷರಗಳಲ್ಲಿ ವಿಳಾಸ ಸಿಕ್ಕಿತು. ಇದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ದಾರಿ ಇದೆ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ನನಗೆ ಅಷ್ಟು ದೂರ ಹೋಗಬೇಕಾಗಿ ಬರಲಿಲ್ಲ. ಪತ್ರ ಕಳಿಸಿದ ಐದನೆಯ ದಿನ ಒಬ್ಬ ಹಿರಿಯ ಲೈನ್‌ಮನ್ ಬಂದರು.

ಈ ಇಡೀ ಅನುಭವದಲ್ಲಿ ನಾನು ಮನಸ್ಸಿನಿಂದ ಹೊಗಳುವುದು ಆ ವ್ಯಕ್ತಿಯನ್ನು. ಅವರು ನಮ್ಮ ಮನೆಯ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಮೀಟರ್ ಹಿಡಿದು ಮೊದಲು ಮುಖ್ಯ ರಸ್ತೆಯ ಕಂಬ ಹತ್ತಿದರು, ಅಲ್ಲಿ −18.7 ಇದೆ ಎಂದು ಕೂಗಿ ಹೇಳಿದರು. ಅಂದರೆ ಅಲ್ಲಿಂದ ನಮ್ಮ ಮನೆಗೆ ಬರುವ 400 ಮೀಟರ್‌ನಲ್ಲಿ ಆರು ಡಿಬಿ ಹೋಗುತ್ತಿತ್ತು, ನಾಲ್ಕು ಪಾಲಿನಲ್ಲಿ ಮೂರು ಪಾಲು ಬೆಳಕು. ಒಳ್ಳೆಯ ಗಾಜಿನ ಎಳೆಯಲ್ಲಿ ಒಂದು ಇಡೀ ಕಿಲೋಮೀಟರ್‌ಗೆ ಹೋಗುವುದು ಅರ್ಧ ಡಿಬಿಗಿಂತ ಕಡಿಮೆ. ತಂತಿಯ ಜೊತೆಗೇ ನಡೆದು ಬಂದರು. ತೋಟದ ನಡುವೆ, ಡಿಸೆಂಬರ್‌ನಲ್ಲಿ ತಂತಿ ಸಾಲದೆ ಬಂದಾಗ ಎರಡು ತುಂಡುಗಳನ್ನು ಫಾಸ್ಟ್ ಕನೆಕ್ಟರ್‌ನಲ್ಲಿ ಸೇರಿಸಿ, ಪ್ಲಾಸ್ಟಿಕ್ ಚೀಲ ಸುತ್ತಿ, ಅಡಿಕೆ ಮರಕ್ಕೆ ಕಟ್ಟಿದ್ದರು. ಚೀಲದೊಳಗೆ ನೀರು ನಿಂತಿತ್ತು. ಇನ್ನೊಂದು ಕಡೆ ತಂತಿಯನ್ನು ಮರಕ್ಕೆ ಗಂಟು ಹಾಕಿದ್ದರು, ಗಂಟಿನ ಸುತ್ತಳತೆ ಬೆರಳಿನಷ್ಟು. ಮೂರನೆಯದು ಕಂಬದ ಪೆಟ್ಟಿಗೆಯದೇ: ಅದರ ಮುಚ್ಚಳದ ಕೊಂಡಿ ಮುರಿದು ಬಾಯಿ ತೆರೆದುಕೊಂಡಿತ್ತು, ಒಳಗೆ ಇರುವೆಗಳು ಗೂಡು ಮಾಡಿದ್ದವು.

ಅವರು ಎರಡು ಗಂಟೆ ಕೆಲಸ ಮಾಡಿದರು. ತೋಟದ ನಡುವಿನ ಜೋಡಣೆಯನ್ನು ಕತ್ತರಿಸಿ, ಛತ್ರಿಯ ಕೆಳಗೆ ಸ್ಪ್ಲೈಸಿಂಗ್ ಯಂತ್ರ ಇಟ್ಟು ಬೆಸೆದರು, ಗಂಟುಗಳನ್ನು ಬಿಚ್ಚಿ ಕೊಕ್ಕೆ ಹಾಕಿ ತಂತಿಯನ್ನು ಸಡಿಲವಾಗಿ ತೂಗುಬಿಟ್ಟರು. ತುದಿಯ ಕನೆಕ್ಟರ್ ಅನ್ನು ನಾನು ಕಣ್ಣಿನ ಹತ್ತಿರ ತಂದು ನೋಡಲು ಹೋದಾಗ ಕೈ ಹಿಡಿದು ತಡೆದರು. ಆ ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು, ಯಾವತ್ತೂ ನೇರವಾಗಿ ನೋಡಬಾರದು ಎಂದರು. ಮನೆಯಲ್ಲಿ ಮಕ್ಕಳಿರುವವರು ಇದನ್ನು ನೆನಪಿಡಬೇಕು. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಪುಟ ತೆರೆದು ನೋಡಿದರೆ −19.6. ಮೊದಲಿನ ಮಳೆಯ ಅಂಕಿಗೆ ಹೋಲಿಸಿದರೆ ಐದು ಪಟ್ಟಿಗೂ ಹೆಚ್ಚು ಬೆಳಕು.

ಇಷ್ಟು ಚೆನ್ನಾಗಿ ಕೆಲಸ ತಿಳಿದವರನ್ನು ಮೊದಲೇ ಏಕೆ ಕಳಿಸಲಿಲ್ಲ ಎಂದು ಕೇಳಿದೆ. ಕಾಫಿ ಕುಡಿಯುತ್ತ ಅವರು ಹೇಳಿದ ಉತ್ತರವೇ ಈ ಸೇವೆಯ ನಿಜವಾದ ವಿಮರ್ಶೆ ಎಂದು ನನಗೆ ಅನ್ನಿಸುತ್ತದೆ. ಅವರ ಪಾಲುದಾರ ಸಂಸ್ಥೆಯಲ್ಲಿ ಇರುವ ಬೆಸೆಯುವ ಯಂತ್ರ ಒಂದೇ, ಅದು ದೊಡ್ಡ ಕೇಬಲ್ ಕಡಿದಾಗ ಮಾತ್ರ ಹೊರಗೆ ಬರುತ್ತದೆ. ಹುಡುಗರಿಗೆ ಹೊಸ ಸಂಪರ್ಕ ಒಂದಕ್ಕೆ ಇಂತಿಷ್ಟು ಎಂದು ಹಣ ಸಿಗುತ್ತದೆ. ದುರಸ್ತಿಗೆ ಹೋದರೆ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ. ಆದ್ದರಿಂದ ಬೇಗ ಎಳೆದು, ಬೇಗ ಒತ್ತಿ, ಬೇಗ ಮುಂದಿನ ಮನೆಗೆ ಹೋಗುತ್ತಾರೆ. ಆ ಹುಡುಗರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಸುರಿವ ಮಳೆಯಲ್ಲಿ, ವಿದ್ಯುತ್ ತಂತಿಯ ಪಕ್ಕದಲ್ಲಿ, ಸರಿಯಾದ ಕೈಗವಸೂ ಇಲ್ಲದೆ ಕಂಬ ಹತ್ತುವವರಿಗೆ ದುರಸ್ತಿಯ ಕೂಲಿಯನ್ನು ಕೊಡದ ಕಂಪನಿ, ಜಾಹೀರಾತಿನಲ್ಲಿ ವೇಗದ ಅಂಕಿಯನ್ನು ಎಷ್ಟು ದೊಡ್ಡದಾಗಿ ಬರೆದರೂ ಮಳೆನಾಡಿನಲ್ಲಿ ಅದನ್ನು ಉಳಿಸಿಕೊಡಲಾರದು.

ಸಣ್ಣ ಸಂಗತಿಗಳಲ್ಲಿ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಅಡಿಕೆ ಒಣಗಿಸುವ ಅಂಗಳಕ್ಕೆ ಸಿಸಿ ಕ್ಯಾಮೆರಾ ಹಾಕಿಸಿ ಹೊರ ಊರಿನಿಂದ ನೇರವಾಗಿ ನೋಡಬೇಕೆಂದರೆ ಈ ಸಂಪರ್ಕದಲ್ಲಿ ಆಗುವುದಿಲ್ಲ, ಏಕೆಂದರೆ ನಮಗೆ ಸಿಗುವುದು ಹಲವರು ಹಂಚಿಕೊಳ್ಳುವ ಇಂಟರ್‌ನೆಟ್ (ಐಪಿ) ವಿಳಾಸ. ರೂಟರ್ ಪುಟದಲ್ಲಿ ನಿಮ್ಮ ಹೊರ ವಿಳಾಸ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನಿಮ್ಮದೂ ಅದೇ ಬಗೆ. ಕ್ಯಾಮೆರಾ ಕಂಪನಿಯ ಸರ್ವರ್ ಮೂಲಕ ನೋಡುವ ಮಾದರಿಯನ್ನು ಕೊಂಡರೆ ತೊಂದರೆಯಿಲ್ಲ. ಸ್ವಂತ ವಿಳಾಸ ಬೇಕೆಂದರೆ ಬೇರೆ ಶುಲ್ಕವಿದೆ. ಇದನ್ನು ಸೇರುವ ಮೊದಲು ಯಾರೂ ಹೇಳುವುದಿಲ್ಲ.

ಹಣದ ವಿಷಯದಲ್ಲಿ ಕಂಪನಿ ಸಂಪೂರ್ಣ ನ್ಯಾಯವಾಗಿ ನಡೆದುಕೊಂಡಿತು ಎನ್ನಲಾರೆ. ನನ್ನ ಪುಸ್ತಕದ ಪ್ರಕಾರ ಸೇವೆ ಇಡೀ ದಿನವಾಗಲಿ ದಿನದ ಹೆಚ್ಚು ಭಾಗವಾಗಲಿ ಇಲ್ಲದಿದ್ದ ದಿನಗಳು 23. ಮೇಲ್ಮನವಿಯ ಉತ್ತರದಲ್ಲಿ ಅವರು ಒಪ್ಪಿಕೊಂಡದ್ದು 9 ದಿನ. ಅಷ್ಟನ್ನು ಅವಧಿಗೆ ಸೇರಿಸಿದರು. ಉಳಿದ 14 ದಿನ ಅವರ ಗಣಕದ ದಾಖಲೆಯಲ್ಲಿ ಪರಿಹಾರವಾದ ಟಿಕೆಟ್‌ಗಳ ಕೆಳಗೆ ಹೂತುಹೋಗಿವೆ. ಮೊದಲ ದಿನದಿಂದಲೇ ಅಂಕಿಗಳನ್ನು ಬರೆದಿಟ್ಟಿದ್ದರೆ ಅವನ್ನೂ ಪಡೆಯಬಹುದಿತ್ತು.

ಈಗ ಯಾರಾದರೂ ಈ ಸೇವೆಯನ್ನು ತೆಗೆದುಕೊಳ್ಳಬಹುದೇ ಎಂದು ಕೇಳಿದರೆ, ಸರಿಯಾಗಿ ಹಾಕಿಸಿಕೊಂಡರೆ ತೆಗೆದುಕೊಳ್ಳಿ ಎನ್ನುತ್ತೇನೆ. ಐದರಲ್ಲಿ ವೇಗ ಮತ್ತು ಬೆಲೆಗೆ ನಾಲ್ಕು ಅಂಕ ಕೊಡುತ್ತೇನೆ, ದುರಸ್ತಿಗೆ ಒಂದು. ಹಾಕಿಸಿಕೊಳ್ಳುವ ದಿನ ಜೊತೆಯಲ್ಲೇ ನಿಂತು ತಂತಿಯ ದಾರಿಯನ್ನು ನೋಡಿ. ನಡುವೆ ಜೋಡಣೆ ಬೇಡ, ಒಂದೇ ತುಂಡು ಬೇಕು ಎಂದು ಹೇಳಿ. ಬೇಕೇ ಬೇಕೆಂದಾದರೆ ಬೆಸೆದು, ನೀರು ಹೋಗದ ಪೆಟ್ಟಿಗೆಯಲ್ಲಿಡಲು ಒತ್ತಾಯಿಸಿ. ಮೊಬೈಲ್‌ನ ವೇಗ ಪರೀಕ್ಷೆಯನ್ನು ನೋಡಿ ಸಹಿ ಹಾಕಬೇಡಿ, ಮೀಟರ್‌ನ ಬೆಳಕಿನ ಅಂಕಿಯನ್ನು ಕಂಬದಲ್ಲೊಮ್ಮೆ ಮನೆಯಲ್ಲೊಮ್ಮೆ ಓದಿಸಿ, ಎರಡನ್ನೂ ರಶೀದಿಯ ಹಿಂಭಾಗದಲ್ಲಿ ಬರೆಸಿಕೊಳ್ಳಿ. ಆ ಎರಡರ ನಡುವಿನ ವ್ಯತ್ಯಾಸ ಒಂದೂವರೆ ಡಿಬಿಗಿಂತ ಹೆಚ್ಚಿದ್ದರೆ ಬೇಸಿಗೆಯಲ್ಲೇ ಸರಿಮಾಡಿಸಿಕೊಳ್ಳಿ. ಒಂದೇ ಬಾರಿ ಆರು ತಿಂಗಳ ಹಣ ಕಟ್ಟಬೇಡಿ. ಕಟ್ಟಿದ ಮೇಲೆ ನಿಮ್ಮ ಮಾತಿಗೆ ಇರುವ ತೂಕ ಕಡಿಮೆಯಾಗುತ್ತದೆ.

ನಾನು ಈ ಜನವರಿಯಲ್ಲಿ ಮೂರು ತಿಂಗಳಿಗೆ ಮಾತ್ರ ನವೀಕರಿಸಿದ್ದೇನೆ, 200ರ ಬದಲು 100 ಎಂಬಿಪಿಎಸ್‌ಗೆ. ತೋಟದ ತಂತಿಯ ಬಗ್ಗೆ ಈಗ ದೂರಿಲ್ಲ. ಅಕ್ಟೋಬರ್‌ನ ಜೋರು ಮಳೆಯಲ್ಲೂ ಅಂಕಿ −20ಕ್ಕಿಂತ ಕೆಳಗೆ ಇಳಿಯಲಿಲ್ಲ. ಮುಖ್ಯ ರಸ್ತೆಯ ಕಂಬದ ಪೆಟ್ಟಿಗೆಗೆ ಹೊಸ ಮುಚ್ಚಳ ಹಾಕಿಸಬೇಕೆಂದು ಆಗಸ್ಟ್‌ನಿಂದ ಮೂರು ಪತ್ರ ಬರೆದಿದ್ದೇನೆ. ಮೊನ್ನೆ ಹೋಗಿ ನೋಡಿದಾಗಲೂ ಆ ಲೈನ್‌ಮನ್ ಅಂದು ಕಟ್ಟಿಹೋದ ನೀಲಿ ಪ್ಲಾಸ್ಟಿಕ್ ಹಾಳೆಯೇ ಅದರ ಮೇಲಿತ್ತು. ಏಪ್ರಿಲ್‌ನಲ್ಲಿ ಅವಧಿ ಮುಗಿಯುವ ಮೊದಲು ಅಲ್ಲಿ ಮುಚ್ಚಳ ಬಂದರೆ ಮುಂದಿನ ಕಂತು ಕಟ್ಟುತ್ತೇನೆ.